ಮನೆ ಮುಂದಿನ ಹೊಂಗೆ ಮರ ಕಡಿಸಲು ಸಹಿ ಕೇಳುತ್ತಿದ್ದಾರೆ. ಹಾಕಲಾ, ಬೇಡವಾ?

ಮೂಲೆಮನೆ · ಭಾನುವಾರ ಬೆಳಿಗ್ಗೆ 8:10

ನಮ್ಮದು ಬೆಂಗಳೂರಿನ ವಿಜಯನಗರ. ಮೂವತ್ತು ನಲವತ್ತು ಸೈಟು, ಅಪ್ಪ 1981ರಲ್ಲಿ ಕಟ್ಟಿಸಿದ ಮನೆ. ಗೇಟಿನಿಂದ ಎರಡು ಹೆಜ್ಜೆ ಎಡಕ್ಕೆ, ಫುಟ್‌ಪಾತ್ ಮೇಲೆ ಒಂದು ಹೊಂಗೆ ಮರ ಇದೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಇಲಾಖೆಯವರು ಬಂದು ಸಸಿ ನೆಟ್ಟು, ಸುತ್ತ ಒಂದು ಜಾಲರಿ ಇಟ್ಟು ಹೋದರು. ಆಮೇಲೆ ನೀರು ಹಾಕಿದ್ದು ಅಮ್ಮ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಅದಕ್ಕೇ. ಈಗ ನಮ್ಮ ಮಹಡಿ ಟೆರೇಸನ್ನೂ ದಾಟಿ ನಿಂತಿದೆ.

ನಿನ್ನೆ ಸಂಜೆ ಪಕ್ಕದ ಮನೆ ಅಂಕಲ್ ಒಂದು ಅರ್ಜಿ ಹಿಡಿದು ಬಂದರು. ಈ ಮರ ಕಡಿಸಬೇಕಂತೆ. ರಸ್ತೆಯ ಒಂಬತ್ತು ಮನೆಯವರು ಆಗಲೇ ಸಹಿ ಹಾಕಿದ್ದಾರೆ. ಅವರು ಹೇಳುವುದು ಇಷ್ಟು. ಬೇರು ಚೇಂಬರಿಗೆ ನುಗ್ಗಿ ಒಳಚರಂಡಿ ಕಟ್ಟಿಕೊಳ್ಳುತ್ತಿದೆ. ಎಲೆ ಬಿದ್ದು ಟೆರೇಸ್ ಪೈಪು ಮುಚ್ಚುತ್ತದೆ. ಹೋದ ಮೇ ತಿಂಗಳ ಗಾಳಿಮಳೆಯಲ್ಲಿ ಒಂದು ಕೊಂಬೆ ಮುರಿದು ಅವರ ಕಾಂಪೌಂಡ್ ಮೇಲೆ ಬಿತ್ತು. ಎಲೆಗಳ ಮೇಲೆಲ್ಲ ಗಂಟು ಗಂಟು ಇದೆ, ಮರಕ್ಕೆ ರೋಗ ಹಿಡಿದಿದೆ, ಇವತ್ತಲ್ಲ ನಾಳೆ ಉರುಳುತ್ತದೆ.

ನಿಜ ಹೇಳಬೇಕೆಂದರೆ ನಾನೂ ಪೂರ್ತಿ ಮರದ ಪಕ್ಷ ಅಲ್ಲ. ಈ ತಿಂಗಳು ದಿನಕ್ಕೆ ಎರಡು ಸಲ ಗುಡಿಸುತ್ತಿದ್ದೇನೆ. ಸೋಲಾರ್ ಹೀಟರಿಗೆ ಮಧ್ಯಾಹ್ನ ಮೂರರ ಮೇಲೆ ಬಿಸಿಲೇ ಇಲ್ಲ. ಆದರೆ ಸಹಿ ಹಾಕೋಕೆ ಪೆನ್ನು ಹಿಡಿದರೆ ಕೈ ಬರಲಿಲ್ಲ. "ನಾಳೆ ಹೇಳ್ತೀನಿ ಅಂಕಲ್" ಅಂದು ಕಳಿಸಿದೆ. ಏನು ಮಾಡಲಿ?

ಅರ್ಧಲೋಟ · 8:16

ಹಾಕಬೇಡಿ.

ಸ್ಕೂಟರ್ ರಾಜ · 8:31

ಹಾಕಿ. ಮರ ಬೀಳುವ ತನಕ ಎಲ್ಲರೂ ಪರಿಸರಪ್ರೇಮಿಗಳೇ. ನಮ್ಮ ಕ್ರಾಸಿನಲ್ಲಿ ಎರಡು ವರ್ಷದ ಹಿಂದೆ ಗುಲ್‌ಮೊಹರ್ ಉರುಳಿತು. ನನ್ನ ಗಾಡಿ ಅಪ್ಪಚ್ಚಿ. ಗಾಡಿ ಹೋಗಲಿ, ಹತ್ತು ನಿಮಿಷ ಮೊದಲು ಅಲ್ಲೇ ನನ್ನ ಮಗಳು ಸ್ಕೂಲ್ ವ್ಯಾನಿಗೆ ಕಾಯುತ್ತಾ ನಿಂತಿದ್ದಳು. ಕೊಂಬೆ ಬಿದ್ದು ಈ ಊರಿನಲ್ಲಿ ಜನ ಸತ್ತಿದ್ದಾರೆ. ನೆರಳು ನೆರಳು ಅಂತ ಹಾಡುವವರು ಅದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಲಿ.

ಹಳೇ ಗುಮಾಸ್ತ · 8:50

ಮೊದಲು ಒಂದು ತಿದ್ದುಪಡಿ. ಒಂಬತ್ತು ಸಹಿ ಇರಲಿ, ತೊಂಬತ್ತು ಇರಲಿ, ಕಡಿಯುವ ಅಧಿಕಾರ ರಸ್ತೆಯವರಿಗೆ ಬರುವುದಿಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ನಿಮ್ಮ ಕಾಂಪೌಂಡಿನ ಒಳಗಿನ ಮರಕ್ಕೂ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಥರ ಕೆಲವಕ್ಕೆ ಮಾತ್ರ ವಿನಾಯಿತಿ. ನಿಮ್ಮದು ಫುಟ್‌ಪಾತ್ ಮರ, ಅಂದರೆ ಸರ್ಕಾರದ್ದು. ಮರ ಅಧಿಕಾರಿಗೆ ಅರ್ಜಿ ಹೋಗಬೇಕು, ಅವರು ಸ್ಥಳಕ್ಕೆ ಬಂದು ನೋಡಬೇಕು, ಆಮೇಲೆ ಲಿಖಿತ ಆದೇಶ. ಒಣಗಿದ್ದರೆ, ಬೀಳುವ ಹಾಗಿದ್ದರೆ ಕೊಡುತ್ತಾರೆ. "ಎಲೆ ಉದುರುತ್ತದೆ" ಅನ್ನುವುದು ಕಾರಣ ಅಲ್ಲ. ಮರ ಅಂದ ಮೇಲೆ ಎಲೆ ಉದುರದೆ ಇನ್ನೇನು, ನೋಟು ಉದುರುತ್ತದಾ?

ಸಹಿ ಹಾಕದಿದ್ದರೆ ನಿಮಗೇನೂ ಆಗುವುದಿಲ್ಲ. ಹಾಕಿದರೆ, ಮನೆ ಮುಂದಿನವರೇ ಒಪ್ಪಿದ್ದಾರೆ ಅಂತ ಫೈಲಿನಲ್ಲಿ ಕೂರುತ್ತದೆ. ಯೋಚಿಸಿ.

ಪೈಪು ಪಾನಾ · 9:22

ನಾನು ಇಪ್ಪತ್ತೆರಡು ವರ್ಷದಿಂದ ಪ್ಲಂಬಿಂಗ್ ಮಾಡುತ್ತಿದ್ದೇನೆ. ಬೇರು ಪೈಪು ಒಡೆಯಿತು ಅಂತ ಎಲ್ಲರೂ ಹೇಳುತ್ತಾರೆ. ಒಡೆಯುವುದಿಲ್ಲ ಮೇಡಂ. ಪೈಪು ಮೊದಲೇ ಸೋರುತ್ತಿರುತ್ತದೆ. ಮಣ್ಣು ಒದ್ದೆ ಆಗುತ್ತದೆ. ಕೂದಲಿನ ಥರ ಇರುವ ಬೇರು ಆ ಒದ್ದೆ ಹುಡುಕಿಕೊಂಡು ಬಂದು ಜಾಯಿಂಟಿನಲ್ಲಿ ತೂರುತ್ತದೆ. ಒಳಗೆ ಹೋದ ಮೇಲೆ ಗೊಬ್ಬರ ಸಮೇತ ನೀರು, ಹಬ್ಬವೋ ಹಬ್ಬ. ಜಡೆ ಥರ ಬೆಳೆಯುತ್ತದೆ.

1981ರ ಮನೆ ಅಂದರೆ ಹೊರಗಿನ ಲೈನು ಸ್ಟೋನ್‌ವೇರ್ ಪೈಪು ಇರಬೇಕು. ಎರಡೆರಡು ಅಡಿ ತುಂಡು, ನಡುವೆ ಸಿಮೆಂಟ್ ಜಾಯಿಂಟು. ನಲವತ್ತು ವರ್ಷಕ್ಕೆ ಆ ಸಿಮೆಂಟು ಬಿಟ್ಟುಕೊಂಡಿರುತ್ತದೆ. ಮರ ಕಡಿದರೂ ಸೋರುವುದು ನಿಲ್ಲುವುದಿಲ್ಲ. ಚೇಂಬರಿನಿಂದ ಚೇಂಬರಿಗೆ ಪಿವಿಸಿ ಹಾಕಿಸಿ, ಜಾಯಿಂಟಿಗೆ ಸರಿಯಾಗಿ ಸಲ್ಯೂಷನ್ ಬಳಿಸಿ. ಬೇರು ಹತ್ತಿರವೂ ಬರುವುದಿಲ್ಲ.

ಅರ್ಧಲೋಟ · 9:25

"ಜಡೆ ಥರ" ಓದಿ ನನ್ನ ತಿಂಡಿ ಅಲ್ಲಿಗೇ ನಿಂತಿತು. ಶ್ಯಾವಿಗೆ ಉಪ್ಪಿಟ್ಟು ಬೇರೆ.

ತಿಪ್ಪೆಗುಂಡಿ · 10:05

ಎಲೆ ಮೇಲಿನ ಗಂಟು ರೋಗ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಎಲೆಯೊಳಗೆ ಸೇರಿಕೊಂಡು ಆ ಗುಳ್ಳೆ ಆಗುತ್ತದೆ. ಊರಿನ ಯಾವ ಹೊಂಗೆ ನೋಡಿದರೂ ಸಿಗುತ್ತದೆ. ಮರಕ್ಕೆ ಅದರಿಂದ ಅಂಥ ತೊಂದರೆ ಇಲ್ಲ. ನಮ್ಮ ಮೊಡವೆ ಇದ್ದ ಹಾಗೆ. ಮೊಡವೆ ಬಂತು ಅಂತ ಯಾರಾದರೂ ತಲೆ ತೆಗೆಯುತ್ತಾರಾ?

ಇನ್ನು ಎಲೆ. ಹೊಂಗೆ ಎಲೆ ಅಂದರೆ ಬಂಗಾರ. ಅದು ಬೇಳೆಕಾಳು ಜಾತಿಯ ಮರ. ಮಂಡ್ಯ ಕಡೆ ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದರು, ಯೂರಿಯಾ ಬರುವ ಮೊದಲು ಅದೇ ಗೊಬ್ಬರ. ಕೋಳಿ ಜಾಲರಿಯನ್ನು ದುಂಡಗೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿ. ಗುಡಿಸಿದ ಎಲೆ ಎಲ್ಲ ಅದರೊಳಗೆ ತುಂಬಿ, ವಾರಕ್ಕೊಮ್ಮೆ ನೀರು ಚಿಮುಕಿಸಿ, ಹುಳಿ ಮಜ್ಜಿಗೆ ಇದ್ದರೆ ಒಂದು ಲೋಟ ಸುರಿಯಿರಿ. ಅಡುಗೆಮನೆಯ ಹಸಿ ಕಸದ ಜೊತೆ ಒಂದು ಪದರ ಇದು, ಒಂದು ಪದರ ಅದು ಅಂತ ಹಾಕಿದರೆ ಇನ್ನೂ ಬೇಗ ಕಳಿಯುತ್ತದೆ, ವಾಸನೆಯೂ ಬರುವುದಿಲ್ಲ. ದಯವಿಟ್ಟು ಬೆಂಕಿ ಮಾತ್ರ ಹಾಕಬೇಡಿ.

ಸ್ಕೂಟರ್ ರಾಜ · 10:20

ಕೆಲಸಕ್ಕೆ ಹೋಗುವವರಿಗೆ ಎಲೆ ಗುಡಿಸಿ, ಮಜ್ಜಿಗೆ ಹಾಕಿ, ಕೋಳಿ ಜಾಲರಿ ಕಾಯುವ ಪುರುಸೊತ್ತು ಎಲ್ಲಿದೆ ಸಾರ್? ಈ ಸಲಹೆ ಎಲ್ಲ ರಿಟೈರ್ ಆದವರಿಗೆ.

ತಿಪ್ಪೆಗುಂಡಿ · 10:24

ನನಗೆ 34 ವರ್ಷ. ರಾತ್ರಿ ಪಾಳಿ.

ಸಂಪಿಗೆ ರೋಡು · 10:47

ಮೂಲೆಮನೆ, ನೀವು ಮೂರನೇ ಕ್ಲಾಸು ಅಂದಿರಲ್ಲ, ಅದು 1984 85 ಇರಬೇಕು ಅಲ್ವಾ? ಹಾಗಿದ್ದರೆ ನಿಮ್ಮ ಮರ ನೇಗಿನಹಾಳ ಅವರ ಕಾಲದ್ದು. ಎಸ್.ಜಿ. ನೇಗಿನಹಾಳ ಅಂತ ಅರಣ್ಯಾಧಿಕಾರಿ ಇದ್ದರು. ಗುಂಡೂರಾಯರು ಮುಖ್ಯಮಂತ್ರಿ ಆಗಿದ್ದಾಗ ಊರಿನಲ್ಲಿ ಮರ ಕಡಿಮೆ ಆಗುತ್ತಿದೆ ಅಂತ ಗಲಾಟೆ ಎದ್ದು, ನಗರಕ್ಕೆ ಹಸಿರು ತುಂಬುವ ಕೆಲಸ ಅವರ ಪಾಲಿಗೆ ಬಂತು. ಐದು ವರ್ಷದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಈಗ ನಾವು ಹೊಸ ಬಡಾವಣೆ ಅಂದುಕೊಳ್ಳುವ ಎಷ್ಟೋ ಕಡೆ ನೆರಳು ಕೊಡುತ್ತಿರುವುದು ಆ ಸಸಿಗಳೇ. ಅವರು 2021ರ ಮೇನಲ್ಲಿ ತೀರಿಕೊಂಡರು.

ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್ ಹೆಸರು ಎಲ್ಲರಿಗೂ ಗೊತ್ತು. ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅನ್ನುವುದು ಅವರ ಲೆಕ್ಕ. ನೇಗಿನಹಾಳ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ಅವರು ಸಸಿಗೆ ಜಾಲರಿ ಹಾಕಿಸಿ, ಇದು ನಿಮ್ಮ ಮನೆ ಮುಂದಿನ ಮರ, ನೋಡಿಕೊಳ್ಳಿ ಅಂತ ಮನೆಯವರಿಗೇ ಒಪ್ಪಿಸುತ್ತಿದ್ದರಂತೆ. ನಿಮ್ಮ ಅಮ್ಮನಂಥವರು ಅಕ್ಕಿ ತೊಳೆದ ನೀರು ಹಾಕಿದ್ದಕ್ಕೇ ಅವು ಉಳಿದದ್ದು.

ಮೂಲೆಮನೆ · 11:30

ಅಮ್ಮನಿಗೆ ಓದಿ ಹೇಳಿದೆ. "ಜಾಲರಿ ಎರಡೇ ವರ್ಷಕ್ಕೆ ಯಾರೋ ಕದ್ದರು, ಅದನ್ನೂ ಬರಿ" ಅಂದರು.

ಅರ್ಧಲೋಟ · 11:33

ಅಮ್ಮನಿಗೆ ಒಂದು ಖಾತೆ ಮಾಡಿಕೊಡಿ.

ಬರ್ಲಿನ್ ಬಸಣ್ಣ · ಮಧ್ಯಾಹ್ನ 1:15

ನಾನು ಮೂಲತಃ ಗದಗ, ಈಗ ಬರ್ಲಿನ್. ಇಲ್ಲಿ ಬೀದಿ ಮರಕ್ಕೆಲ್ಲ ಒಂದೊಂದು ನಂಬರ್ ಬಿಲ್ಲೆ ಇರುತ್ತದೆ. ಯಾವ ಜಾತಿ, ಯಾವಾಗ ನೆಟ್ಟಿದ್ದು ಎಲ್ಲ ಪಟ್ಟಿಯಲ್ಲಿ ಸಿಗುತ್ತದೆ. ಮರದ ಬಗ್ಗೆ ದೂರು ಕೊಡಬೇಕಾದರೆ ನಂಬರ್ ಹೇಳಿದರೆ ಸಾಕು.

ಹಳೇ ಗುಮಾಸ್ತ · 1:22

ನಮ್ಮಲ್ಲಿ ಮರಕ್ಕೆ ಪೇಂಟಿನಲ್ಲಿ ನಂಬರ್ ಬರೆದರು ಅಂದರೆ ರಸ್ತೆ ಅಗಲ ಮಾಡೋಕೆ ಬಂದರು ಅಂತ ಅರ್ಥ ಬಸಣ್ಣೋರೇ. ಆ ನಂಬರ್ ಕಂಡರೆ ಎದೆ ಧಸಕ್ಕೆನ್ನುತ್ತದೆ.

ಮೈಸೂರು ಮಲ್ಲಿಗೆ ಗಿಡ · 1:40

ಸೋಲಾರ್ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ನಿಜವಾದ ತೊಂದರೆ. ನಮಗೂ ಹೀಗೇ ಆಗಿತ್ತು. ಟ್ಯಾಂಕು ಪ್ಯಾನೆಲ್ ಎರಡನ್ನೂ ಟೆರೇಸಿನ ಪೂರ್ವದ ಅಂಚಿಗೆ ಸರಿಸಿ, ಕೆಳಗೆ ಮೂರು ಅಡಿ ಕಬ್ಬಿಣದ ಸ್ಟ್ಯಾಂಡು ಕೊಟ್ಟೆವು. ಬೆಳಿಗ್ಗೆ ಒಂಬತ್ತರಿಂದ ಎರಡರ ತನಕ ಬಿಸಿಲು ಸಿಕ್ಕರೆ ಸಾಕು, ನಾಲ್ಕು ಜನರ ಸ್ನಾನಕ್ಕೆ ಧಾರಾಳ. ಮೂರರ ಮೇಲಿನ ಬಿಸಿಲಿನಲ್ಲಿ ಅಷ್ಟೇನೂ ಕಾಯುವುದಿಲ್ಲ. ದಕ್ಷಿಣ ದಿಕ್ಕು ಮಾತ್ರ ತಪ್ಪಿಸಬೇಡಿ.

ಕತ್ತಿಕಾಯಿ · 2:10

2013ರಲ್ಲಿ ಬೆಂಗಳೂರಿನ ಬೀದಿ ಮರಗಳ ಬಗ್ಗೆ ಒಂದು ಅಧ್ಯಯನ ಬಂತು. ಮರ ಇರುವ ರಸ್ತೆ, ಇಲ್ಲದ ರಸ್ತೆ ಎರಡರಲ್ಲೂ ಅಳೆದು ನೋಡಿದರು. ಮಧ್ಯಾಹ್ನ ಮರದ ಕೆಳಗೆ ಗಾಳಿಯ ಬಿಸಿ 5.6 ಡಿಗ್ರಿಯ ತನಕ ಕಡಿಮೆ. ಡಾಂಬರಿನ ಬಿಸಿ ಅಂತೂ 27.5 ಡಿಗ್ರಿಯ ತನಕ ಕಡಿಮೆ! 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಮುಟ್ಟಿತ್ತು, ನೆನಪಿದೆಯಾ? ಅಂಕಲ್‌ಗೆ ಹೇಳಿ, ಮರ ಹೋದರೆ ಮಹಡಿಗೆ ಎಸಿ ಹಾಕಿಸಬೇಕು, ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಅಂತ.

ಸ್ಕೂಟರ್ ರಾಜ · 2:18

ಡಿಗ್ರಿ ಲೆಕ್ಕ ಎಲ್ಲ ಸರಿ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮರ ಬಿದ್ದರೆ ಯಾರು ಹೊಣೆ?

ಸಂಪಿಗೆ ರೋಡು · 2:45

ನ್ಯಾಯವಾದ ಪ್ರಶ್ನೆ. ಆದರೆ ಮರ ಯಾಕೆ ಬೀಳುತ್ತದೆ ಅಂತಲೂ ಕೇಳಬೇಕಲ್ಲ. ನಿಮ್ಮ ಕ್ರಾಸಿನಲ್ಲಿ ಗುಲ್‌ಮೊಹರ್ ಬೀಳುವ ಮೊದಲು ಚರಂಡಿ ಕೆಲಸ ಆಗಿತ್ತಾ? ಕೇಬಲ್ ಅಗೆದಿದ್ದರಾ? ಬುಡದ ತನಕ ಕಾಂಕ್ರೀಟ್ ಇತ್ತಾ? ನೂರಕ್ಕೆ ನೂರು ಹೇಳಲಾರೆ, ಆದರೆ ನಾನು ನೋಡಿದ ಬಿದ್ದ ಮರಗಳಲ್ಲಿ ಹೆಚ್ಚಿನವಕ್ಕೆ ಒಂದು ಪಕ್ಕದ ಬೇರೇ ಇರಲಿಲ್ಲ. ಜೆಸಿಬಿ ಹಲ್ಲಿನ ಗುರುತು ಹಾಗೇ ಕಾಣುತ್ತಿತ್ತು. ಇನ್ನೊಂದು, ತಂತಿಗೆ ತಾಗುತ್ತದೆ ಅಂತ ಒಂದೇ ಪಕ್ಕದ ಕೊಂಬೆ ಸವರುತ್ತಾರೆ. ಭಾರ ಎಲ್ಲ ಇನ್ನೊಂದು ಪಕ್ಕಕ್ಕೆ. ಮೇನಲ್ಲಿ ಮುಂಗಾರಿಗೆ ಮೊದಲಿನ ಗಾಳಿ ಬೀಸಿದಾಗ ಪಾಪ ಅದು ಎಲ್ಲಿ ನಿಲ್ಲಬೇಕು?

ಗುಲ್‌ಮೊಹರ್ ಹೊರಗಿನಿಂದ ಬಂದ ಮರ, ಬೇಗ ಬೆಳೆಯುತ್ತದೆ, ಕೊಂಬೆ ಪೆಡಸು. ಹೊಂಗೆ ನಮ್ಮ ಮಣ್ಣಿನದು, ಗಟ್ಟಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸ್ಕೂಟರ್ ರಾಜ · 2:58

ಚರಂಡಿ ಕೆಲಸ ಆಗಿತ್ತು. ಬೀಳುವುದಕ್ಕೆ ಆರು ತಿಂಗಳ ಮೊದಲು. ನೀವು ಕೇಳಿದ ಮೇಲೆ ಹೊಳೆಯಿತು.

ಟೋಪಿವಾಲಾ · 3:30

ಯಾರೂ ಹೇಳದ ದಾರಿ ಒಂದಿದೆ. ರಾತ್ರಿ ಬುಡಕ್ಕೆ ಸ್ವಲ್ಪ ಆಸಿಡ್. ಆರು ತಿಂಗಳಲ್ಲಿ ತಾನೇ ಒಣಗುತ್ತದೆ, ಆಮೇಲೆ ಅನುಮತಿಯೂ ಸಿಗುತ್ತದೆ.

ಹಳೇ ಗುಮಾಸ್ತ · 3:34

ತಮಾಷೆಗೆ ಬರೆದಿದ್ದರೂ ತೆಗೆದುಹಾಕಿ. ಅದು ಅಪರಾಧ. ಕಾಯ್ದೆಯಲ್ಲಿ ಶಿಕ್ಷೆ ಉಂಟು.

ಕತ್ತಿಕಾಯಿ · 3:36

ನಮ್ಮ ಮುಖ್ಯರಸ್ತೆಯಲ್ಲಿ ಒಂದು ಅಂಗಡಿಯ ಬೋರ್ಡು ಕಾಣುತ್ತಿಲ್ಲ ಅಂತ ಹೀಗೇ ಮಾಡಿದರು. ತೊಗಟೆಯನ್ನು ಸುತ್ತ ಉಂಗುರದ ಥರ ಕೆತ್ತಿದ್ದರು. ಈಗ ಬೋರ್ಡು ಚೆನ್ನಾಗಿ ಕಾಣುತ್ತದೆ. ಆ ಬಿಸಿಲಿನಲ್ಲಿ ನಿಂತು ಬೋರ್ಡು ಓದುವವರು ಯಾರೂ ಇಲ್ಲ.

ಟೋಪಿವಾಲಾ · 3:41

ಸುಮ್ನೆ ಹೇಳಿದೆ ಮಾರಾಯ್ರೆ. ನನ್ನ ಮನೆ ಮುಂದೆ ಮೂರು ಮರ ಇವೆ. ಮೂರಕ್ಕೂ ನಾನೇ ನೀರು ಹಾಕೋದು.

ಹಾಸನದ ಹುಡುಗ · ಸಂಜೆ 5:12

ಹೊಂಗೆ ಅಂದ ಕೂಡಲೇ ಊರು ನೆನಪಾಯಿತು. ಬೇಸಿಗೆ ರಜೆಯಲ್ಲಿ ಹೊಂಗೆಕಾಯಿ ಆಯ್ದು, ಬಡಿದು, ಬೀಜ ತೆಗೆದು ಸಂತೆಯಲ್ಲಿ ಮಾರುತ್ತಿದ್ದೆವು. ಆ ದುಡ್ಡಿಗೆ ಐಸ್‌ಕ್ಯಾಂಡಿ. ಅಜ್ಜಿ ಕೊಟ್ಟಿಗೆಯ ದೀಪಕ್ಕೆ ಹೊಂಗೆ ಎಣ್ಣೆಯನ್ನೇ ಸುರಿಯುತ್ತಿದ್ದರು, ಕಹಿ ವಾಸನೆ, ಕಪ್ಪು ಹೊಗೆ. ಹಲ್ಲುಜ್ಜಲು ಹೊಂಗೆ ಕಡ್ಡಿ. ಹಿಂಡಿ ಹೊಲಕ್ಕೆ, ಗೆದ್ದಲಿಗೆ ಅದೇ ಮದ್ದು. ನಮ್ಮ ಹಾಸನದ ಹತ್ತಿರ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ, ಅಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆ. ಸಿಟಿಯಲ್ಲಿ ಮಾತ್ರ ಅದು "ಕಸ ಹಾಕುವ ಮರ".

ಅರ್ಧಲೋಟ · 5:15

ಐಸ್‌ಕ್ಯಾಂಡಿ ಯಾವ ಬಣ್ಣ?

ಹಾಸನದ ಹುಡುಗ · 5:16

ಆರೆಂಜು. ಬೇರೆ ಬಣ್ಣ ಇತ್ತಾ?

ಸಂಪಿಗೆ ರೋಡು · 5:20

ಇತ್ತು. ಮೇಲೆ ಶ್ಯಾವಿಗೆ ಅಂಟಿಸಿದ ಹಾಲಿನ ಕ್ಯಾಂಡಿ. ಅದು ದುಬಾರಿ.

ಗಸಗಸೆ ಮರ · 6:02

ಹೊಂಗೆ ಬಗ್ಗೆ ದೂರುವವರು ನಮ್ಮ ಮನೆಗೆ ಬನ್ನಿ. ನಮ್ಮ ಮುಂದೆ ಗಸಗಸೆ ಹಣ್ಣಿನ ಮರ. ರಾತ್ರಿ ಆದರೆ ಬಾವಲಿಗಳ ಹಬ್ಬದೂಟ. ಬೆಳಿಗ್ಗೆ ಕಾರಿನ ಮೇಲೆ, ಗೋಡೆ ಮೇಲೆ, ಒಣಗಲು ಹಾಕಿದ ಸೀರೆ ಮೇಲೆ ಅವುಗಳ ಸಹಿ. ಆದರೂ ಕಡಿಸಿಲ್ಲ. ಮಕ್ಕಳು ಆ ಕೆಂಪು ಹಣ್ಣಿಗೆ ಬಡಿದಾಡುತ್ತವೆ. ನಾನೂ ಯಾರೂ ನೋಡದಾಗ ಎರಡು ಬಾಯಿಗೆ ಹಾಕಿಕೊಳ್ಳುತ್ತೇನೆ.

ಮೂಲೆಮನೆ · ಸೋಮವಾರ ರಾತ್ರಿ 9:05

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅಂಕಲ್ ಜೊತೆ ಮಾತಾಡಿದೆ. ಸಹಿ ಹಾಕುವುದಿಲ್ಲ ಅಂದೆ. ಪೈಪು ತೆಗೆಸಿ ನೋಡೋಣ, ಖರ್ಚು ಅರ್ಧ ನಾನು ಕೊಡ್ತೀನಿ ಅಂದೆ. ಎಲೆ ಮೇಲಿನ ಗಂಟು ರೋಗ ಅಲ್ಲ ಅಂತಲೂ ಹೇಳಿದೆ. ಅವರ ಮುಖ ಸಪ್ಪೆ ಆಯಿತು.

ಆಮೇಲೆ ಅವರ ಸೊಸೆ ಗೇಟಿನ ಹತ್ತಿರ ಸಿಕ್ಕಳು. ಅವಳು ಹೇಳಿದ್ದು ಕೇಳಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮಗ ದೊಡ್ಡ ಕಾರು ಬುಕ್ ಮಾಡಿದ್ದಾನಂತೆ. ಈಗಿನ ಗೇಟಿನಲ್ಲಿ ಅದು ತೂರುವುದಿಲ್ಲ. ಗೇಟು ನಮ್ಮ ಕಡೆಗೆ ಮೂರು ಅಡಿ ಅಗಲ ಮಾಡಬೇಕು. ಅಲ್ಲಿ ಅಡ್ಡ ಬರುವುದು ಮರ.

ಅರ್ಧಲೋಟ · 9:07

ಬಂತು ನೋಡಿ!

ಕತ್ತಿಕಾಯಿ · 9:09

ಬೇರು, ಎಲೆ, ರೋಗ, ಕೊಂಬೆ. ಕೊನೆಗೆ ಕಾರು.

ತಿಪ್ಪೆಗುಂಡಿ · 9:12

ನಾನು ನಿನ್ನೆಯೇ ಅಂದುಕೊಂಡೆ. ಒಂಬತ್ತು ಸಹಿ ಒಂದೇ ಸಂಜೆಯಲ್ಲಿ ಸುಮ್ಮನೆ ಬರುವುದಿಲ್ಲ. ಉಳಿದ ಎಂಟು ಮನೆಯವರಿಗೂ ಪಾರ್ಕಿಂಗ್ ಬೇಕಿರುತ್ತದೆ.

ಸ್ಕೂಟರ್ ರಾಜ · 9:30

ಕಾರು ತೆಗೆದುಕೊಳ್ಳುವುದು ತಪ್ಪಾ ಈಗ? ಗೇಟು ಅಗಲ ಮಾಡುವುದು ತಪ್ಪಾ? ಸುಳ್ಳು ಕಾರಣ ಕೊಟ್ಟಿದ್ದು ತಪ್ಪು, ಒಪ್ಪಿದೆ. ಆದರೆ ಎಲ್ಲರೂ ಸೇರಿ ಆ ವಯಸ್ಸಾದವರನ್ನು ಖಳನಾಯಕ ಮಾಡುವುದು ಸರಿಯಲ್ಲ. ಅವರನ್ನು ನಾವು ಯಾರೂ ನೋಡಿಲ್ಲ.

ಮೂಲೆಮನೆ · 9:48

ರಾಜ ಅವರು ಹೇಳಿದ್ದು ಸರಿ. ಒಂದು ವಿಷಯ ನಾನೇ ಬರೆದಿರಲಿಲ್ಲ. ಹೋದ ವರ್ಷ ಯುಗಾದಿಗೆ ಮೊದಲು ಹೂ ಉದುರಿ ಮಂಡಕ್ಕಿ ಚೆಲ್ಲಿದ ಹಾಗೆ ಆಗಿತ್ತು. ಸಂಜೆ ತುಂತುರು ಮಳೆ. ಪಕ್ಕದ ಮನೆ ಆಂಟಿ ಹಾಲು ತರಲು ಹೋಗಿ, ನಮ್ಮ ಗೇಟಿನ ಮುಂದೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಆ ದಿನ ನಾನು ಗುಡಿಸಿರಲಿಲ್ಲ. ಅವರು ಒಂದು ಮಾತೂ ಅನ್ನಲಿಲ್ಲ. ಅರ್ಜಿಯಲ್ಲೂ ಅದನ್ನು ಬರೆದಿಲ್ಲ. ನನಗೆ ಚುಚ್ಚುವುದು ಅದೇ.

ಹಳೇ ಗುಮಾಸ್ತ · 9:55

ಇದನ್ನು ಮೊದಲೇ ಬರೆಯಬೇಕಿತ್ತು ತಾಯಿ. ನಾವೆಲ್ಲ ಇಲ್ಲಿ ಕಾಯ್ದೆ ಓದುತ್ತಾ ಕುಳಿತಿದ್ದೆವು.

ಮೈಸೂರು ಮಲ್ಲಿಗೆ ಗಿಡ · 10:01

ಆ ಜಾಗದಲ್ಲಿ ನುಣುಪಾದ ಟೈಲ್ಸ್ ಇದೆಯಾ? ಹಳೇ ಮನೆಯವರೆಲ್ಲ ಗೇಟಿನ ಮುಂದೆ ಫಳಫಳ ಟೈಲ್ಸ್ ಹಾಕಿಸುತ್ತಾರೆ. ಮೊದಲು ಅದನ್ನು ಕೀಳಿಸಿ, ಒರಟು ಕಲ್ಲು ಹಾಸಿಸಿ. ಹೂ ಇಲ್ಲದಿದ್ದರೂ ಮಳೆಯಲ್ಲಿ ಅದು ಜಾರುತ್ತದೆ.

ಮೂಲೆಮನೆ · 10:03

ಇದೆ. ನಾನೇ ಹಾಕಿಸಿದ್ದು. 😐

ಹಳೇ ಗುಮಾಸ್ತ · 10:20

ಗೇಟಿಗೆ ಒಂದು ಉಪಾಯ. ಎರಡು ಬಾಗಿಲಿನ ಗೇಟು ತೆಗೆಸಿ, ಪಕ್ಕಕ್ಕೆ ಜಾರುವ ಗೇಟು ಹಾಕಿಸಲಿ. ಎರಡು ಬಾಗಿಲು ಒಳಕ್ಕೆ ತೆರೆದಾಗ ತಿನ್ನುವ ಜಾಗ ಉಳಿಯುತ್ತದೆ. ನಡುವಿನ ಕಂಬ ಹೋದರೆ ಒಂದೂವರೆ ಅಡಿ ಸಿಕ್ಕರೂ ಸಿಕ್ಕೀತು. ಮರದ ಕಡೆಗೆ ಬದಲು ಆ ಕಡೆಗೆ ಅಗಲ ಮಾಡಲು ಆಗುವುದಿಲ್ಲವಾ? ಅಲ್ಲಿ ಏನಿದೆ?

ಮೂಲೆಮನೆ · 10:24

ನೀರಿನ ಮೀಟರು, ತುಳಸಿ ಕಟ್ಟೆ.

ಅರ್ಧಲೋಟ · 10:25

ತುಳಸಿ ಕಟ್ಟೆ ಸರಿಸುವುದಕ್ಕಿಂತ ಮರ ಕಡಿಯುವುದು ಸುಲಭ ಅಂತ ಅಂದುಕೊಂಡಿರಬೇಕು.

ಸಂಪಿಗೆ ರೋಡು · 10:31

ತುಳಸಿಯೂ ಗಿಡವೇ ತಾನೇ. ಅದನ್ನು ಯಾರೂ ಕಸ ಅನ್ನುವುದಿಲ್ಲ.

ಪೈಪು ಪಾನಾ · ಬುಧವಾರ ರಾತ್ರಿ 8:15

ಮೇಡಂ ಕರೆದಿದ್ದರು, ಹೋಗಿದ್ದೆ. ಇಲ್ಲಿ ಬರೆಯಲು ಅವರೇ ಹೇಳಿದ್ದಾರೆ. ಪಕ್ಕದ ಮನೆ ಚೇಂಬರ್ ತೆಗೆದೆ. ಮೊದಲು ಸಿಕ್ಕಿದ್ದು ಬೇರಲ್ಲ. ಪಾತ್ರೆ ಉಜ್ಜುವ ಸ್ಪಾಂಜು, ಕೂದಲುಂಡೆ, ಮೇಣದ ಹಾಗೆ ಗಟ್ಟಿಯಾದ ಎಣ್ಣೆ ಜಿಡ್ಡು ಒಂದು ಬಕೆಟ್. ಅದಾದ ಮೇಲೆ ಎರಡನೇ ಜಾಯಿಂಟಿನಲ್ಲಿ ಬೇರು. ಇತ್ತು, ಇಲ್ಲ ಅಂತ ಹೇಳಲಾರೆ. ಮೊಣಕೈ ಉದ್ದ. ಜಾಯಿಂಟು ಪೂರ್ತಿ ಬಾಯಿ ಬಿಟ್ಟಿತ್ತು. ಹದಿನೆಂಟು ಅಡಿ ಪಿವಿಸಿ ಹಾಕಿದ್ದೇನೆ. ಅಂಕಲ್ ಮೊದಲು ದೂರದಲ್ಲಿ ನಿಂತು ನೋಡುತ್ತಿದ್ದರು, ಆಮೇಲೆ ತಾವೇ ಟಾರ್ಚು ಹಿಡಿದರು. ಒಳ್ಳೆ ಜನ. ಎರಡು ಸಲ ಕಾಫಿ ಕೊಟ್ಟರು.

ಸ್ಕೂಟರ್ ರಾಜ · 8:22

ಅಂದರೆ ಬೇರು ಇತ್ತು. ಅಂಕಲ್ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಪೈಪು ಪಾನಾ · 8:26

ಅಲ್ಲ ಸಾರ್. ನಾಲ್ಕಾಣೆ ಬೇರು, ಹನ್ನೆರಡಾಣೆ ಜಿಡ್ಡು. ಬಜ್ಜಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ ಅಂತ ಎಲ್ಲರಿಗೂ ಹೇಳಿ. ಬೆಂಗಳೂರಿನ ಅರ್ಧ ಚೇಂಬರ್ ಕಟ್ಟುವುದು ಅದರಿಂದಲೇ.

ಗಸಗಸೆ ಮರ · 8:40

ಮತ್ತೆ ಎಲ್ಲಿಗೆ ಸುರಿಯುವುದು?

ತಿಪ್ಪೆಗುಂಡಿ · 8:44

ಬಾಟಲಿಯಲ್ಲಿ ತುಂಬಿಡಿ. ಹಳೇ ಎಣ್ಣೆ ಕೊಳ್ಳುವವರು ಈಗ ಇದ್ದಾರೆ. ಅದೂ ಡೀಸೆಲ್ ಆಗುತ್ತದೆ.

ಹಾಸನದ ಹುಡುಗ · 8:46

ಹೊಂಗೆ ಎಣ್ಣೆ, ಬಜ್ಜಿ ಎಣ್ಣೆ, ಎಲ್ಲಕ್ಕೂ ಕೊನೆಗೆ ಡೀಸೆಲ್ ಆಗುವ ಯೋಗ.

ಮೂಲೆಮನೆ · ಶನಿವಾರ ಮಧ್ಯಾಹ್ನ 12:40

ಕೊನೆಯ ಸುದ್ದಿ. ಅಂಕಲ್ ಅರ್ಜಿ ಆಗಲೇ ಕೊಟ್ಟಿದ್ದರು, ವಾಪಸು ತೆಗೆದುಕೊಳ್ಳಲಿಲ್ಲ. ನಿನ್ನೆ ಅರಣ್ಯ ಘಟಕದವರು ಒಬ್ಬರು ಬಂದರು. ಮರ ಸುತ್ತಿದರು, ಕಾಂಡ ತಟ್ಟಿದರು, ಮೇಲೆ ನೋಡಿದರು. "ಗಟ್ಟಿಮುಟ್ಟಾಗಿದೆ, ಕಡಿಯೋಕೆ ಬರೆಯೋಕಾಗಲ್ಲ" ಅಂದರು. ಅಂಕಲ್ ಟೆರೇಸಿನ ಮೇಲೆ ಚಾಚಿರುವ ಎರಡು ಕೊಂಬೆ, ತಂತಿಗೆ ತಾಗುವ ಒಂದು ಕೊಂಬೆ ಸವರಲು ಬರೆದುಕೊಂಡು ಹೋದರು. ಇವತ್ತು ಬೆಳಿಗ್ಗೆ ತಂಡ ಬಂದು ಸವರಿತು. ಇಷ್ಟು ಬೇಗ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಬುಡದ ಸುತ್ತ ಇದ್ದ ಕಾಂಕ್ರೀಟನ್ನು ಒಂದು ಮೀಟರ್ ಒಡೆಸಿ ಮಣ್ಣು ಬಿಡಲು ಹೇಳಿದ್ದಾರೆ. ಅದರ ಜೊತೆಗೆ ನನ್ನ ಫಳಫಳ ಟೈಲ್ಸೂ ಹೋಗುತ್ತದೆ.

ಗೇಟಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಅಂಕಲ್ ಜಾರುವ ಗೇಟಿನ ಬೆಲೆ ಕೇಳಿ ಬಂದು ಮಗನಿಗೆ ಚಿಕ್ಕ ಕಾರು ನೋಡು ಅಂದರಂತೆ. ಮಗ ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಆಂಟಿ ಮಾತ್ರ ನಿನ್ನೆ ಮಾವಿನಕಾಯಿ ಚಿತ್ರಾನ್ನ ಕಳಿಸಿದರು.

ಸಂಪಿಗೆ ರೋಡು · 12:48

ಸವರುವಾಗ ಕೊಂಬೆಗೆ ಮೊದಲು ಕೆಳಗಿನಿಂದ ಕಚ್ಚು ಹಾಕಿದರಾ? ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬರುತ್ತದೆ. ಆ ಗಾಯದಲ್ಲಿ ನೀರು ಇಳಿದು ಕೊಳೆಯುತ್ತದೆ.

ಮೂಲೆಮನೆ · 12:55

ಎರಡಕ್ಕೆ ಹಾಕಿದರು. ಮೂರನೆಯದು ಸ್ವಲ್ಪ ಸೀಳಿತು. ಒಂದು ಗೇಣು.

ಸಂಪಿಗೆ ರೋಡು · 12:58

ಸೀಳಿದ ತೊಗಟೆಯ ಅಂಚನ್ನು ಹರಿತವಾದ ಚಾಕುವಿನಲ್ಲಿ ನೀಟಾಗಿ ಕತ್ತರಿಸಿ ಬಿಡಿ. ಪೇಂಟು, ಸಗಣಿ ಏನೂ ಬಳಿಯಬೇಡಿ. ಹೊಂಗೆ ತಾನೇ ಮುಚ್ಚಿಕೊಳ್ಳುತ್ತದೆ.

ಟೋಪಿವಾಲಾ · 1:05

ಮಗನಿಗೆ ಹೇಳಿ, ಮೇ ತಿಂಗಳಲ್ಲಿ ಆ ದೊಡ್ಡ ಕಾರು ನಿಲ್ಲಿಸೋಕೆ ನೆರಳು ಹುಡುಕುತ್ತಾ ಅವನೇ ಬರುತ್ತಾನೆ.

ಸ್ಕೂಟರ್ ರಾಜ · 1:11

ನಾನು ಇವತ್ತೂ ಮರದ ಕೆಳಗೆ ಗಾಡಿ ನಿಲ್ಲಿಸುವುದಿಲ್ಲ. ಆದರೆ ಮೂಲೆಮನೆ, ಸಹಿ ಹಾಕದಿದ್ದದ್ದು ಸರಿ. ನಮ್ಮ ಕ್ರಾಸಿನಲ್ಲಿ ಉಳಿದಿರುವ ಎರಡು ಮರದ ಬುಡದಲ್ಲಿ ಈಗ ಮತ್ತೆ ಅಗೆಯುತ್ತಿದ್ದಾರೆ. ಯಾರಿಗೆ ಹೇಳಬೇಕು?

ಹಳೇ ಗುಮಾಸ್ತ · 1:14

ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದುಕೊಳ್ಳಿ. ಬೇರು ಕಾಣುವ ಹಾಗೆ ಫೋಟೋ ತೆಗೆದಿಡಿ. ಇವತ್ತೇ ಮಾಡಿ, ನಾಳೆ ಮಣ್ಣು ಮುಚ್ಚಿಬಿಡುತ್ತಾರೆ.

ಸ್ಕೂಟರ್ ರಾಜ · 1:15

ಹೊರಟೆ.

ಮೂಲೆಮನೆ · 1:30

ಸವರಿದ ಸೊಪ್ಪು ನಾಲ್ಕು ಗೋಣಿಚೀಲ ಆಗಿದೆ. ತಿಪ್ಪೆಗುಂಡಿಯವರೇ, ಬೇಕಾ?

ತಿಪ್ಪೆಗುಂಡಿ · 1:31

ಅರ್ಧ ಗಂಟೆಯಲ್ಲಿ ಬರ್ತೀನಿ. ಯಾರಿಗೂ ಕೊಡಬೇಡಿ.

ಹಾಸನದ ಹುಡುಗ · 1:32

ಒಂದು ಚೀಲ ನನಗೆ!

ತಿಪ್ಪೆಗುಂಡಿ · 1:32

ಇಲ್ಲ.